ಓದುವುದು ಬೇರೆ, ಇನ್‌ಕ್ಲೂಡ್ ಮಾಡುವುದು ಬೇರೆ: ಒಂದು ಲೇಖನಕ್ಕೆ ಉತ್ತರ

ಬೆಂಗಳೂರು

ಮಾನ್ಯರೆ,

ಸರ್ವರಿನಲ್ಲಿ ಓಡಿ ಜಾಲಪುಟಗಳನ್ನು ತಯಾರಿಸುವ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕುರಿತ, ‘ಪಿಎಚ್‌ಪಿಯಲ್ಲಿ ಕಡತಗಳ ಬಳಕೆ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ಆದರೆ ವಿಷಾದಪತ್ರ ಕಳುಹಿಸಿ ಕೈತೊಳೆದುಕೊಳ್ಳುವಂಥ ಬರಹವೂ ಇದಲ್ಲವಾದ್ದರಿಂದ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ರಾಸ್ಮಸ್ ಲೆರ್ಡಾರ್ಫ್ ಅವರು 1995ರಲ್ಲಿ ಈ ಭಾಷೆಯನ್ನು ಬಿಡುಗಡೆ ಮಾಡಿದ್ದರಿಂದ ಹಿಡಿದು ಹನ್ನೊಂದು ಫಂಕ್ಷನ್‌ಗಳ ವಿವರಣೆಯವರೆಗೆ ನಿಮ್ಮ ಮೊದಲ ಎರಡು ಪುಟಗಳು ಕೈಪಿಡಿಯ ಅನುವಾದದಂತಿವೆ. ಅವನ್ನು ಪೂರ್ತಿ ತೆಗೆಯಿರಿ. ಲೇಖನ ನಿಜವಾಗಿ ಶುರುವಾಗುವುದು ಮೂರನೆಯ ಪುಟದಲ್ಲಿ, ಮಲ್ಲೇಶ್ವರದಲ್ಲಿರುವ ನಿಮ್ಮ ಸೋದರಮಾವನ ದರ್ಶಿನಿಗೆ ನೀವು ಜಾಲಪುಟ ಮಾಡಿಕೊಟ್ಟ ಪ್ರಸಂಗದಿಂದ.

ದೊಡ್ಡ ತಪ್ಪು ಇರುವುದೂ ಅಲ್ಲಿಯೇ. ದಿನದ ತಿಂಡಿಗಳ ಪಟ್ಟಿಯನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿಟ್ಟು ಅದನ್ನು ಇನ್‌ಕ್ಲೂಡ್ ಮಾಡಿದ್ದೀರಿ, ಮೇಲಾಗಿ ‘ಇದೂ ಕಡತವನ್ನು ಓದುವ ಇನ್ನೊಂದು ವಿಧಾನ’ ಎಂದು ಬರೆದಿದ್ದೀರಿ. ಇನ್‌ಕ್ಲೂಡ್ ಆದ ಕಡತವು ಪ್ರೋಗ್ರಾಮಿನ ಭಾಗವೇ ಆಗಿಬಿಡುತ್ತದೆ. ಇಲ್ಲಿಂದ ಕೋಡ್ ಎಂದು ಸೂಚಿಸುವ ಪಿಎಚ್‌ಪಿಯ ಆರಂಭದ ಟ್ಯಾಗ್ ಸಿಗುವವರೆಗೆ ಅದರಲ್ಲಿರುವುದೆಲ್ಲ ಇದ್ದಂತೆಯೇ ಹೊರಬರುವುದರಿಂದ ‘ತಟ್ಟೆ ಇಡ್ಲಿ, ಖಾರಾಬಾತ್, ಮಸಾಲೆ ದೋಸೆ’ ಎಂಬ ಸಾಲುಗಳು ಪರದೆಯ ಮೇಲೆ ಸರಿಯಾಗಿಯೇ ಕಂಡವು, ನೀವು ಏಮಾರಿದಿರಿ. ಆ ಫೈಲನ್ನು ತಿದ್ದಲು ಅವಕಾಶವಿರುವ ಯಾರಾದರೂ ದೋಸೆಯ ಕೆಳಗೆ ಆ ಟ್ಯಾಗ್ ಸಹಿತ ನಾಲ್ಕು ಸಾಲು ಕೋಡ್ ಬರೆದರೆ ಸರ್ವರ್ ಅದನ್ನು ತೋರಿಸುವುದಿಲ್ಲ, ನಡೆಸುತ್ತದೆ. ಕಡತದ ಹೆಸರು ಟಿಎಕ್ಸ್‌ಟಿ ಎಂದು ಮುಗಿಯುವುದು ಇನ್‌ಕ್ಲೂಡ್‌ಗೆ ಲೆಕ್ಕಕ್ಕೇ ಇಲ್ಲ. ಕಡತವನ್ನು ಬರೀ ಓದಿಕೊಡುವ ಫೈಲ್ ಗೆಟ್ ಕಂಟೆಂಟ್ಸ್ ಫಂಕ್ಷನ್ ಬಳಸಿದ್ದರೆ ಅದೇ ಕೋಡ್ ಬರೀ ಅಕ್ಷರಗಳಾಗಿ ಉಳಿಯುತ್ತಿತ್ತು. ಬ್ರೌಸರಿನ ವಿಳಾಸದ ಸಾಲಿನಲ್ಲಿ ಬಂದ ಕಡತದ ಹೆಸರನ್ನು ನೇರವಾಗಿ ಇನ್‌ಕ್ಲೂಡ್‌ಗೆ ಕೊಡುವ ನಿಮ್ಮ ಕೊನೆಯ ಉದಾಹರಣೆಯಂತೂ ಅಚ್ಚಾಗಲೇಬಾರದು. ಹೊರಗಿನ ಜಾಲತಾಣದ ಕಡತವನ್ನು ಎಳೆದುಕೊಳ್ಳುವ ಸೌಲಭ್ಯ ಮೊದಲಿನಿಂದಲೇ ಆಫ್ ಆಗಿರುತ್ತದೆ, ನಿಜ. ಆದರೆ ನಿಮ್ಮದೇ ಸರ್ವರಿನಲ್ಲಿರುವ ಇತರ ಕಡತಗಳಿಗೆ ಆ ರಕ್ಷಣೆ ಇಲ್ಲ. ಅನುಮತಿಯಿರುವ ಪುಟಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ಅದರಲ್ಲಿದ್ದರೆ ಮಾತ್ರ ಒಳಗೆ ಬಿಡಿ.

ಇನ್‌ಕ್ಲೂಡ್ ಮತ್ತು ಅದರಂತೆಯೇ ಕಡತವನ್ನು ಒಳಸೇರಿಸುವ ರಿಕ್ವೈರ್‌ಗಳ ವ್ಯತ್ಯಾಸವನ್ನು ಸರಿಯಾಗಿ ಹೇಳಿದ್ದೀರಿ: ಕಡತ ಸಿಗದಿದ್ದರೆ ಮೊದಲನೆಯದು ಎಚ್ಚರಿಕೆ ಕೊಟ್ಟು ಮುಂದುವರಿಯುತ್ತದೆ, ಎರಡನೆಯದು ಅಲ್ಲಿಗೇ ನಿಲ್ಲುತ್ತದೆ. ಯಾವುದನ್ನು ಎಲ್ಲಿ ಬಳಸಬೇಕೆಂಬ ನಿಮ್ಮ ಅಭಿಪ್ರಾಯವನ್ನೂ ಸೇರಿಸಿ, ಸಾಕು.

ಪುಟವನ್ನು ಒಳಗಿನ ಫೋಲ್ಡರಿಗೆ ಸರಿಸಿದ ರಾತ್ರಿ ಇನ್‌ಕ್ಲೂಡ್ ಮಾಡಿದ್ದ ತಲೆಬರಹವೇ ಮಾಯವಾದ ಕಥೆ ಈ ಲೇಖನದ ಅತ್ಯುತ್ತಮ ಭಾಗ, ಅದನ್ನು ಬೆಳೆಸಿ. ‘ಸರ್ವರಿನ ತೊಂದರೆಯಿರಬಹುದು’ ಎಂದು ಮಾತ್ರ ಮುಗಿಸಬೇಡಿ. ಇನ್‌ಕ್ಲೂಡ್‌ಗೆ ಕೊಟ್ಟ, ಚುಕ್ಕೆಗಳಿಂದ ಆರಂಭವಾಗುವ ಕಡತದ ದಾರಿಯನ್ನು (ಪಾತ್) ಪಿಎಚ್‌ಪಿ ಹುಡುಕುವುದು ಆ ಸಾಲು ಇರುವ ಕಡತದ ಜಾಗದಿಂದಲ್ಲ, ಆಗ ಚಾಲ್ತಿಯಲ್ಲಿರುವ ಫೋಲ್ಡರಿನಿಂದ. ಸಾಮಾನ್ಯವಾಗಿ ಅದು ಬ್ರೌಸರ್ ಕೇಳಿದ ಮುಖ್ಯ ಪುಟದ ಫೋಲ್ಡರ್ ಆಗಿರುತ್ತದೆ. 5.3ನೇ ಆವೃತ್ತಿಯಿಂದ ಇರುವ, ಆ ಸಾಲು ಇರುವ ಕಡತದ ಫೋಲ್ಡರನ್ನೇ ಸೂಚಿಸುವ, ಹಿಂದೆಮುಂದೆ ಎರಡೆರಡು ಅಡಿಗೆರೆಗಳ ಡಿಐಆರ್ ಸ್ಥಿರಾಂಕವನ್ನು ದಾರಿಯ ಮುಂದೆ ಜೋಡಿಸಿದ್ದರೆ ನೀವು ನಿದ್ದೆಗೆಡಬೇಕಾಗಿರಲಿಲ್ಲ.

ದೊಡ್ಡ ಕಡತವನ್ನು 1024 ಬೈಟುಗಳ ತುಂಡುಗಳಾಗಿ ಓದುವ ಮಾದರಿಗೆ ಇಂಗ್ಲಿಷ್ ಪಠ್ಯವನ್ನು ಆರಿಸಿದ್ದೀರಿ. ಕನ್ನಡ ಪಠ್ಯ ಹಾಕಿ ನೋಡಿ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ಕ್ಕೂ ಮೂರು ಬೈಟು, ಒತ್ತಿನ ಹಲಂತಕ್ಕೂ ಮೂರು ಬೈಟು, ನಡುವೆ ಖಾಲಿ ಜಾಗವಿಲ್ಲದಿದ್ದರೆ 341 ಚಿಹ್ನೆಗಳಿಗೆ 1023 ಬೈಟುಗಳಾಗಿ, ಮುಂದಿನ ಚಿಹ್ನೆಯ ಮೊದಲ ಬೈಟು ಮಾತ್ರ ಈ ತುಂಡಿಗೆ ಬರುತ್ತದೆ. ತುಂಡುಗಳನ್ನು ಒಂದರ ಹಿಂದೊಂದು ಹಾಗೆಯೇ ಹೊರಗೆ ಕಳಿಸಿದರೆ ಅಡ್ಡಿಯಿಲ್ಲ, ಪ್ರತಿ ತುಂಡನ್ನೂ ಬೇರೆಬೇರೆಯಾಗಿ ತಿದ್ದಲು ಹೋದರೆ ಅಕ್ಷರ ಒಡೆಯುತ್ತದೆ. ಕನ್ನಡದಲ್ಲಿ ಬರೆಯುವವರೇ ಇದನ್ನು ಹೇಳದಿದ್ದರೆ ಮತ್ತಾರು ಹೇಳಬೇಕು?

ಭಾಷೆಯ ಬಗ್ಗೆ ಒಂದೇ ಮಾತು: ‘ಅಂತರ್ಗತಗೊಳಿಸುವಿಕೆ’ ಬೇಡ. ನಾನು ಕಂಡ ಕನ್ನಡದ ಪ್ರೋಗ್ರಾಮರುಗಳೆಲ್ಲ ‘ಇನ್‌ಕ್ಲೂಡ್ ಮಾಡು’ ಎಂದೇ ಹೇಳುತ್ತಾರೆ.

ತಿದ್ದಿದ ಪ್ರತಿಯ ಜೊತೆಗೆ ಕೋಡ್ ಕಡತಗಳನ್ನು ಪ್ರತ್ಯೇಕವಾಗಿ ಕಳುಹಿಸಿ. ಈ ಸಲ ವರ್ಡ್‌ನಲ್ಲಿ ಅಂಟಿಸಿದ್ದರಿಂದ ನೇರ ಉದ್ಧರಣ ಚಿಹ್ನೆಗಳೆಲ್ಲ ಬಾಗಿದ ಚಿಹ್ನೆಗಳಾಗಿ, ಒಂದು ಉದಾಹರಣೆಯೂ ಓಡಲಿಲ್ಲ. ಒಂದೊಂದನ್ನೂ ಕೈಯಿಂದ ತಿದ್ದಿಕೊಂಡೇ ಪರೀಕ್ಷಿಸಬೇಕಾಯಿತು.

ಇಂತಿ,
ಸಂಪಾದಕ