ಕಣ್ಣೀರು ಬಾರದ ಅಕ್ಕ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಚಿಕಿತ್ಸೆಗೆಂದು ನನ್ನ ಬಳಿ ಬಂದ ಆಕೆಗೆ 36 ವರ್ಷ. ರಸ್ತೆ ಅಪಘಾತದಲ್ಲಿ ಒಡಹುಟ್ಟಿದ ತಮ್ಮ ಆಕೆಯ ಕಣ್ಣೆದುರೇ ಪ್ರಾಣಬಿಟ್ಟು ಎರಡು ವರ್ಷವಾಗಿತ್ತು. ಅದನ್ನು ಆಕೆ ಹೇಳಿದ್ದು ಯಾರದೋ ಪತ್ರವನ್ನು ಓದಿ ಹೇಳುವಂಥ ದನಿಯಲ್ಲಿ. ಹೇಳುತ್ತಾ ನೋಟ ಗೋಡೆಯಲ್ಲಿ ನಟ್ಟುಹೋಯಿತು. ಕೈಗಳು ತನ್ನವಲ್ಲ ಎನ್ನಿಸುತ್ತದೆ ಎಂದರು.

"ಮನೆಯವರು ನನ್ನನ್ನು ಕಲ್ಲೆದೆಯವಳು ಅನ್ನುತ್ತಾರೆ ಮೇಡಂ. ನನಗೂ ಹಾಗೇ ಅನ್ನಿಸತೊಡಗಿದೆ."

ಈ ಮಾತು ನನ್ನನ್ನು ಬಹಳ ನೋಯಿಸಿತು. ಅಳದವರಿಗೆ ನೋವಿಲ್ಲ ಎಂಬ ತೀರ್ಪಿನಷ್ಟು ಕ್ರೂರವಾದದ್ದು ಕಡಿಮೆ.

ಆಘಾತದ ನೆನಪು ಮರುಕಳಿಸಿದಾಗ ಹಲವರಲ್ಲಿ ಭಯವನ್ನು ಗುರುತಿಸುವ ಮಿದುಳಿನ ಭಾಗವಾದ ಅಮಿಗ್ಡಲಾ ಕೆರಳುತ್ತದೆ. ಅದನ್ನು ಹತೋಟಿಯಲ್ಲಿಡಬೇಕಾದ ಹಣೆಯ ಹಿಂದಿನ ಭಾಗ ಮಂಕಾಗುತ್ತದೆ. ಎದೆ ಬಡಿತ ಏರುತ್ತದೆ, ಅಳು ಉಕ್ಕುತ್ತದೆ. ಆದರೆ ಕೆನಡಾದ ಮನೋವೈದ್ಯೆ ರೂತ್ ಲೇನಿಯಸ್ ಅವರ ತಂಡ ಮಿದುಳಿನ ಸ್ಕ್ಯಾನ್‌ಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಚಿತ್ರವನ್ನೂ ಕಂಡಿತು: ಕೆಲವರಲ್ಲಿ ಆ ಹತೋಟಿಯ ಭಾಗವೇ ಅತಿಯಾಗಿ ದುಡಿದು ಭಾವನೆಯನ್ನು ಅದುಮಿಡುತ್ತದೆ. 2013ರಲ್ಲಿ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿ, ತನ್ನಿಂದಲೇ ತಾನು ದೂರವಾದಂತೆ ಅನ್ನಿಸುವ ಈ ಸ್ಥಿತಿಯನ್ನು ಆಘಾತೋತ್ತರ ಒತ್ತಡದ ಕಾಯಿಲೆಯ (ಪಿಟಿಎಸ್‌ಡಿ) ಉಪವಿಧವೆಂದು ಸೇರಿಸಿಕೊಂಡಿತು.

ಇದನ್ನು ವಿವರಿಸಿದಾಗ ಆಕೆ "ಹಾಗಾದರೆ ಸ್ಕ್ಯಾನ್ ಮಾಡಿಸಲೇ?" ಎಂದು ಕೇಳಿದರು. ಬೇಡ ಎಂದೆ. ಆ ಚಿತ್ರಗಳು ಅನೇಕರ ಸರಾಸರಿ. ಒಬ್ಬರ ನೋವನ್ನು ಅಳೆಯುವ ಸಾಧನವಲ್ಲ. "ನಿಮ್ಮ ಪ್ರೀತಿ ಕಡಿಮೆಯಾಗಿಲ್ಲ. ತಾಳಲಾರದ್ದನ್ನು ಮಿದುಳು ದೂರ ಹಿಡಿದಿದೆ, ಅಷ್ಟೆ."

ಇಡೀ ಘಟನೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುವುದನ್ನು ಸದ್ಯಕ್ಕೆ ನಿಲ್ಲಿಸಿ ಎಂದೆ. ಮರಗಟ್ಟಿದ ಸ್ಥಿತಿಯಲ್ಲಿ ಎಷ್ಟು ಸಲ ಹೇಳಿದರೂ ನೆನಪು ಹಗುರವಾಗದೇ ಇರಬಹುದು. ಮನಸ್ಸು ದೂರ ಸರಿಯುವ ಮೊದಲ ಸುಳಿವು ಸಿಕ್ಕೊಡನೆ ಪಾದಗಳನ್ನು ನೆಲಕ್ಕೆ ಒತ್ತಬೇಕು, ಕಣ್ಣಿಗೆ ಬಿದ್ದ ಐದು ವಸ್ತುಗಳ ಹೆಸರನ್ನು ಗಟ್ಟಿಯಾಗಿ ಹೇಳಬೇಕು, ತಣ್ಣೀರಿನಲ್ಲಿ ಕೈ ಅದ್ದಬೇಕು. ಆಕೆಯ ಒಪ್ಪಿಗೆ ಪಡೆದು ತಾಯಿಯನ್ನೂ ಕರೆಸಿ, "ಅತ್ತುಬಿಡು ಎಂದು ಒತ್ತಾಯಿಸಬೇಡಿ, ಪಕ್ಕದಲ್ಲಿ ಕೂತಿರಿ" ಎಂದೆ.

ಐದನೆಯ ಭೇಟಿಯಲ್ಲಿ ಅಪಘಾತದ ಮಾತೇ ಬರಲಿಲ್ಲ. ತಮ್ಮ ತೀರಿಕೊಂಡ ದಿನ ಬೆಳಿಗ್ಗೆ ಆತ ಆಕೆಯ ಛತ್ರಿಯನ್ನು ಕೇಳಿ ಪಡೆದದ್ದನ್ನು ಹೇಳುವಾಗ ಆಕೆಯ ಗಂಟಲು ಕಟ್ಟಿತು. ಪಾದಗಳನ್ನು ನೆಲಕ್ಕೆ ಒತ್ತಿಕೊಂಡು ಸುಮ್ಮನೆ ಕೂತರು. ನೋಟ ಗೋಡೆಗೆ ಹೋಗಲಿಲ್ಲ. ಅಷ್ಟಕ್ಕೇ ನಿಲ್ಲಿಸಿದೆವು. ಮುಂದಿನ ವಾರದಿಂದ ಆಘಾತ ಚಿಕಿತ್ಸೆಯಲ್ಲಿ ಪರಿಣತರಾದ ಮನಶ್ಶಾಸ್ತ್ರಜ್ಞರೊಬ್ಬರು ಆಕೆಯನ್ನು ನೋಡಲಿದ್ದಾರೆ. ಮೊದಲ ದಿನ ನಾನೂ ಜೊತೆಗಿರುತ್ತೇನೆ.