ಟ್ರಫಲ್ ಮೈಕ್ರೋಡೋಸ್: ಮೊದಲ ವಾರದ ಚುರುಕು ಯಾಕೆ ಹೋಯಿತು?

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಖಿನ್ನತೆಯ ಮಾತ್ರೆ ಸರ್ಟ್ರಾಲಿನ್ ಜೊತೆ ಟ್ರಫಲ್ (ಭ್ರಮೆ ತರಿಸುವ ಅಣಬೆಯ ಗಡ್ಡೆ) ಮೈಕ್ರೋಡೋಸ್, ಅಂದರೆ ಅತಿ ಸಣ್ಣ ಪ್ರಮಾಣ, ತೆಗೆದುಕೊಂಡೆ, ಮೊದಲ ವಾರದ ಚುರುಕು ಆಮೇಲೆ ಹೋಯಿತು, ಮಿದುಳಿಗೆ ಹಾನಿ ಆಗಿದೆಯಾ ಅಂತ ಕೇಳಿದ್ದೀರಿ. ಆ ಚುರುಕು ಬಹುಶಃ ನಿರೀಕ್ಷೆಯಿಂದ ಬಂದದ್ದು. ಇಂಪೀರಿಯಲ್ ಕಾಲೇಜ್ ಲಂಡನ್‌ನವರು 191 ಜನರ ಮೇಲೆ ಮಾಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಾಲಿ ಕ್ಯಾಪ್ಸೂಲ್ ನುಂಗಿದವರಿಗೂ ಹೆಚ್ಚುಕಡಿಮೆ ಅಷ್ಟೇ ಹಿತವೆನಿಸಿತ್ತು. ಟ್ರಫಲ್‌ನಲ್ಲಿರುವ ಸೈಲೋಸಿಬಿನ್ ಎಂಬ ರಾಸಾಯನಿಕ ದೇಹದಲ್ಲಿ ಸೈಲೋಸಿನ್ ಆಗಿ, ಮಿದುಳಿನಲ್ಲಿ ಸಂದೇಶ ಒಯ್ಯುವ ಸೆರೊಟೋನಿನ್‌ನ 2ಎ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ಸರ್ಟ್ರಾಲಿನ್ ಕೂಡ ಸೆರೊಟೋನಿನ್ ಮೇಲೇ ಕೆಲಸ ಮಾಡುವುದರಿಂದ ಟ್ರಫಲ್‌ನ ಪರಿಣಾಮ ಮಂಕಾಗುವುದುಂಟು. ಪರಿಣಾಮ ಕಾಣುತ್ತಿಲ್ಲ ಅಂತ ಡೋಸ್ ಜಾಸ್ತಿ ಮಾಡಬೇಡಿ, ದಯವಿಟ್ಟು. ಇದೇ ಜೋಡಿಯಿಂದ ನನ್ನ ತಮ್ಮನ ನಿದ್ದೆ ಕೆಟ್ಟಾಗ ನಾವು ಮಾಡಿದ್ದು ಇದು.

ಮೊದಲು ಟ್ರಫಲ್ ನಿಲ್ಲಿಸಿ. ಸರ್ಟ್ರಾಲಿನ್ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ದಿಢೀರ್ ಬಿಟ್ಟರೆ ತಲೆಸುತ್ತು, ಕಳವಳ ಬರಬಹುದು. ಆಮೇಲೆ ನಿದ್ದೆ, ಮೂಡ್ ಎರಡನ್ನೂ ದಿನಾ ಬರೆದಿಡಿ. ಆ ಹಾಳೆ ಹಿಡಿದು ನಿಮ್ಮ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋಗಿ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಟ್ರಫಲ್ ಮಾರಾಟ ಕಾನೂನುಬದ್ಧ, ಹಾಗಾಗಿ ಮುಚ್ಚಿಡಬೇಕಿಲ್ಲ. ಲಿಥಿಯಂ (ಮೂಡ್ ಸ್ಥಿರವಾಗಿಡುವ ಔಷಧ) ತೆಗೆದುಕೊಳ್ಳುತ್ತಿದ್ದರೆ ಅದನ್ನು ಮೊದಲೇ ಹೇಳಿ, ಲಿಥಿಯಂ ಮತ್ತು ಸೈಲೋಸಿಬಿನ್ ಜೋಡಿಯಿಂದ ಫಿಟ್ಸ್ ಬಂದ ವರದಿಗಳಿವೆ. ಮನೆಯಲ್ಲಿ ಯಾರಿಗಾದರೂ ಬೈಪೋಲಾರ್ ಅಥವಾ ಸ್ಕಿಜೋಫ್ರೇನಿಯಾ ಇದ್ದರೆ ಅದನ್ನೂ ಹೇಳಿ.

ಮಿದುಳಿಗೆ ಶಾಶ್ವತ ಹಾನಿ ಆಗಿದೆಯಾ ಅಂದಿರಿ. ಇಷ್ಟು ಕಡಿಮೆ ಕಾಲದಲ್ಲಿ ಆಗಿರುವ ಸಾಧ್ಯತೆ ಕಡಿಮೆ. ಆದರೆ ವರ್ಷಗಟ್ಟಲೆ ತೆಗೆದುಕೊಂಡವರ ಬಗ್ಗೆ ಗಟ್ಟಿ ಅಧ್ಯಯನಗಳಿಲ್ಲ. ಹೃದಯದ ಕವಾಟದ ಬಗ್ಗೆಯೂ ಸಂಶೋಧಕರಿಗೆ ಆತಂಕ ಇದೆ. ಎದೆ ಡವಡವ, ಇಲ್ಲದ ದನಿ ಕೇಳುವುದು, ಜ್ವರದ ಜೊತೆ ನಡುಕ, ಇವುಗಳಲ್ಲಿ ಯಾವುದಾದರೂ ಇದ್ದರೆ ಕಾಯಬೇಡಿ, ತುರ್ತು ಚಿಕಿತ್ಸೆಗೆ ಹೋಗಿ. ರಜೆಗೆ ಊರಿಗೆ ಬರುವಾಗ ಟ್ರಫಲ್ ತರಬೇಡಿ, ಸೈಲೋಸಿಬಿನ್ ಇಟ್ಟುಕೊಳ್ಳುವುದು ಭಾರತದಲ್ಲಿ ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಡಿ ಅಪರಾಧ.