110ರಲ್ಲಿ 2 ಬಂದ್ರೆ ಊರಲ್ಲೂ 2 ಪರ್ಸೆಂಟಾ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಕನ್ನಡ ಸಂಘದಿಂದ ರಕ್ತದಾನ ಶಿಬಿರ ಮಾಡಿದ್ವಿ. 110 ಬಾಟ್ಲಿ ಬಂತು, ಅದ್ರಲ್ಲಿ 2 ಹೆಪಟೈಟಿಸ್ ಬಿ (ಲಿವರ್‌ಗೆ ತಗಲೋ ವೈರಸ್ ಸೋಂಕು) ಪಾಸಿಟಿವ್ ಅಂತ ಬ್ಲಡ್ ಬ್ಯಾಂಕಿನೋರು ಹೇಳಿದ್ರು, ಹೆಸರು ಹೇಳ್ಲಿಲ್ಲ. ಹಾಗಾದ್ರೆ ಡೊಂಬಿವಲಿಯಲ್ಲಿ ಸುಮಾರು 2 ಪರ್ಸೆಂಟ್ ಜನಕ್ಕೆ ಇದೆ ಅಂತ ಸಂಘದ ಸ್ಮರಣ ಸಂಚಿಕೆಯಲ್ಲಿ ಹಾಕಬಹುದಾ?
– ಸಂಘದ ಕಾರ್ಯದರ್ಶಿ, ಡೊಂಬಿವಲಿ

ಉತ್ತರ: ಹಾಕ್ಬೇಡಿ ಸರ್. ಭಾಗಾಕಾರ ಸರಿ ಇದೆ, ಆದ್ರೆ ಆ 110 ಜನ ಡೊಂಬಿವಲಿ ಅಲ್ಲ. ಶಿಬಿರಕ್ಕೆ ಬರೋರು 18 ದಾಟಿದ ಗಟ್ಟಿಮುಟ್ಟಾದೋರು, ಬಹುಪಾಲು ಗಂಡಸರು, ಅದ್ರ ಮೇಲೆ ಫಾರ್ಮ್ ತುಂಬುವಾಗ್ಲೇ ಕಾಮಾಲೆ ಆಗಿತ್ತಾ, ಇತ್ತೀಚೆಗೆ ಟ್ಯಾಟೂ ಹಾಕಿಸ್ಕೊಂಡ್ರಾ ಅಂತ ಕೇಳಿ ಒಂದಷ್ಟು ಜನರನ್ನ ವಾಪಸ್ ಕಳಿಸ್ತಾರೆ, ತಾನು ಪಾಸಿಟಿವ್ ಅಂತ ಮೊದ್ಲೇ ಗೊತ್ತಿರೋನು ಆ ಕಡೆ ತಲೆನೂ ಹಾಕಲ್ಲ. ಹಾಗಾಗಿ ರಕ್ತದಾನಿಗಳ ಲೆಕ್ಕ ಸಾಮಾನ್ಯವಾಗಿ ಊರಿನ ಲೆಕ್ಕಕ್ಕಿಂತ ಕಮ್ಮಿನೇ ಬರುತ್ತೆ. ಆಸ್ಪತ್ರೆ ರಿಪೋರ್ಟ್ ಹಿಡ್ಕೊಂಡು ಎಣಿಸಿದ್ರೆ ಉಲ್ಟಾ, ಜಾಸ್ತಿ, ಯಾಕಂದ್ರೆ ಅಲ್ಲಿಗೆ ಹೋಗೋರೇ ಕಾಯಿಲೆಯೋರು.

ಇನ್ನೊಂದು, 110ರಲ್ಲಿ 2 ಅಂದ್ರೆ ನಿಜವಾದ ಪ್ರಮಾಣ ಕಾಲು ಪರ್ಸೆಂಟ್ ಹತ್ರನೂ ಇರಬಹುದು, 6 ಪರ್ಸೆಂಟ್ ಹತ್ರನೂ ಇರಬಹುದು. ಆ ಇಬ್ಬರಲ್ಲಿ ಒಬ್ಬ ಆವತ್ತು ಲೋಕಲ್ ಟ್ರೇನ್ ಮಿಸ್ ಮಾಡ್ಕೊಂಡು ಶಿಬಿರಕ್ಕೆ ಬರದೇ ಇದ್ದಿದ್ರೆ ನಿಮ್ಮ 2 ಪರ್ಸೆಂಟ್ ಅರ್ಧ ಆಗಿಬಿಡ್ತಿತ್ತು!

ಟೆಸ್ಟಿನ ಕಥೆನೂ ಇದೆ. 1000 ಜನರಲ್ಲಿ 10 ಜನಕ್ಕೆ ನಿಜವಾಗ್ಲೂ ಇದೆ ಅಂದ್ಕೊಳ್ಳಿ. ಸೋಂಕಿಲ್ಲದ ನೂರು ಜನರಲ್ಲಿ ಒಬ್ಬರಿಗೆ ಟೆಸ್ಟು ತಪ್ಪಾಗಿ ಪಾಸಿಟಿವ್ ತೋರಿಸಿದ್ರೂ ಇನ್ನೂ ಹತ್ತು ಜನ ಸೇರ್ಕೊಂಡು ಲೆಕ್ಕ ಡಬಲ್. ಕಾಯಿಲೆ ಅಪರೂಪ ಆದಷ್ಟೂ ಈ ಕಾಟ ಜಾಸ್ತಿ.

ಇಡೀ ದೇಶದ್ದು ಬೇಕಂದ್ರೆ, 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಚೀಟಿ ಎತ್ತಿದ ಹಾಗೆ ಮನೆಗಳನ್ನ ಆರಿಸಿ, ಬೆರಳು ಚುಚ್ಚಿ ಕಾಗದದ ಮೇಲೆ ಒಣಗಿಸಿಟ್ಟ ರಕ್ತದ ಹನಿಗಳನ್ನ ಆಮೇಲೆ ಟೆಸ್ಟ್ ಮಾಡಿದಾಗ ಬಂದಿದ್ದು 0.95 ಪರ್ಸೆಂಟ್. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜು 2.98 ಕೋಟಿ ಜನ, ಅಂದ್ರೆ 2 ಪರ್ಸೆಂಟ್ ಚಿಲ್ಲರೆ. ಅದು ಮಾಡೆಲ್ ಲೆಕ್ಕ, ಅಂದ್ರೆ ಇರೋ ಮಾಹಿತಿ ಸೇರಿಸಿ ಗಣಿತದಿಂದ ಹಾಕಿದ ಅಂದಾಜು. ನನಗೆ ಮನೆಮನೆ ಹನಿಯ ಮೇಲೇ ನಂಬಿಕೆ ಜಾಸ್ತಿ, ಆದ್ರೂ ಒಣಗಿದ ಹನಿಯಲ್ಲಿ ಕೆಲವ್ರು ತಪ್ಪಿಸ್ಕೊಳ್ಳೋದೂ ಉಂಟು.

ಆ ಇಬ್ಬರು ಯಾರು ಅಂತ ಮಾತ್ರ ಹುಡುಕೋಕೆ ಹೋಗ್ಬೇಡಿ, ತಿಳಿಸೋದು ಬ್ಲಡ್ ಬ್ಯಾಂಕಿನ ಕೆಲಸ. ಆ ಇಬ್ಬರು ಟೆಸ್ಟ್ ಇನ್ನೊಮ್ಮೆ ಮಾಡಿಸ್ಬೇಕು, ಆರು ತಿಂಗಳಾದ್ಮೇಲೂ ಪಾಸಿಟಿವ್ ಇದ್ರೆ ಮಾತ್ರ ದೀರ್ಘಕಾಲದ ಸೋಂಕು ಅಂತ ಲೆಕ್ಕ. ಮನೆಯೋರೂ ಟೆಸ್ಟ್ ಮಾಡಿಸ್ಕೊಂಡು, ನೆಗೆಟಿವ್ ಬಂದು ಲಸಿಕೆ ಆಗಿಲ್ಲ ಅಂದ್ರೆ ಮೂರು ಡೋಸ್ ಹಾಕಿಸ್ಕೊಳ್ಳಲಿ.